ಗೇಜಿನ ಈಚೆ ನಿಂತವನು

ನಮ್ಮ ದಳದ ಫೈರ್ ಎಂಜಿನ್ನಿಗೆ 25 ವರ್ಷ ದಾಟಿತು. ಹೊಸದಕ್ಕೆ ಹತ್ತು ಲಕ್ಷ ಡಾಲರಿನ ಹತ್ತಿರ ಬೆಲೆ. ಆರ್ಡರ್ ಕೊಟ್ಟ ಮೇಲೆ ಕೈಗೆ ಸಿಗಲು ಮೂರೋ ನಾಲ್ಕೋ ವರ್ಷ. ಭಾನುವಾರ ಬೆಳಗಿನ ಪ್ಯಾನ್‌ಕೇಕ್ ತಿಂಡಿ, ಬೇಸಿಗೆಯ ಕೋಳಿ ಬಾರ್ಬೆಕ್ಯೂ, ಬಿಂಗೊ ಸಂಜೆಗಳಲ್ಲಿ ಕೂಡಿಬಿದ್ದದ್ದು ಒಂದಿಷ್ಟು, ಟೌನ್‌ಶಿಪ್ ಕೊಡುವುದು ಒಂದಿಷ್ಟು, ಮಿಕ್ಕಿದ್ದು ಕಡಿಮೆ ಬಡ್ಡಿಯ ಸರ್ಕಾರಿ ಸಾಲ. ಊರವರ ದುಡ್ಡು ಎಂದ ಮೇಲೆ ಯಾವ ಪಂಪು, ಎಷ್ಟು ಇಂಚಿನ ಹೋಸು, ಎಷ್ಟು ದೊಡ್ಡ ಟ್ಯಾಂಕು ಎನ್ನುವುದನ್ನೆಲ್ಲ ನಾವೇ ಕೂತು ಬರೆಯಬೇಕು. ಅದಕ್ಕೊಂದು ಸಮಿತಿ. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ, ಅಜ್ಜನ ಕಾಲದಿಂದ ದಳದಲ್ಲಿರುವ ಮನೆತನಗಳ ನಡುವೆ, ಸಾಗರದ ಕಡೆಯ ಅಡಿಕೆ ತೋಟದಿಂದ ಬಂದ ನಾನೂ ಅದರಲ್ಲೊಬ್ಬ ಸದಸ್ಯ.

ದಳಕ್ಕೆ ಹೇಗೆ ಸೇರಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಈ ದೇಶದ ಬೆಂಕಿ ಆರಿಸುವವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಂಬಳವಿಲ್ಲದವರು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದಾಗ ಒಬ್ಬೊಬ್ಬ ಸದಸ್ಯನೂ ಚರ್ಮದ ಬಕೆಟ್ಟುಗಳನ್ನು ಮನೆಯಲ್ಲಿಟ್ಟುಕೊಂಡಿರಬೇಕಿತ್ತಂತೆ. ಈಗ ಬಕೆಟ್ಟಿಗೆ ಬರವಿಲ್ಲ, ಜನಕ್ಕೆ ಬರ. ಅದರಲ್ಲೂ ಹಗಲು ಹೊತ್ತಿನಲ್ಲಿ. ಎಲ್ಲರೂ ದೂರದ ಊರುಗಳಿಗೆ ಕೆಲಸಕ್ಕೆ ಹೋಗಿರುತ್ತಾರೆ. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಮಂಗಳವಾರ ಮಧ್ಯಾಹ್ನ ಎರಡಕ್ಕೆ ಪೇಜರ್ ಕೂಗಿದರೂ ಇರುತ್ತೇನೆ. ಹಾಗೆ ಸೇರಿದೆ. ವಯಸ್ಸು ಐವತ್ತು ದಾಟಿದ್ದರಿಂದ ಮುಖಕ್ಕೆ ಗಾಳಿಯ ಮಾಸ್ಕು ಕಟ್ಟಿಕೊಂಡು ಒಳನುಗ್ಗುವ ಕೆಲಸ ನನ್ನದಲ್ಲ. ನಾನು ಪಂಪ್ ನಡೆಸುವವನು. ಬಂಡಿಯ ಪಕ್ಕದ ಫಲಕದ ಮುಂದೆ ನಿಂತು ಗೇಜು ನೋಡುತ್ತ, ಯಾವ ಲೈನಿಗೆ ಎಷ್ಟು ಒತ್ತಡ ಎಂದು ಲೆಕ್ಕ ಹಾಕಿ ಬಿಡುವವನು.

ಲೆಕ್ಕ ನನಗೆ ಬರುತ್ತದೆ, ನಿಜ. ಸಮಿತಿಯಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಅದರದ್ದೇ. ಮೊದಲ ಸಭೆಗೇ ಸ್ಪ್ರೆಡ್‌ಶೀಟ್ ಮಾಡಿಕೊಂಡು ಹೋಗಿದ್ದೆ. ನಿಮಿಷಕ್ಕೆ 1250 ಗ್ಯಾಲನ್ನಿನ ಪಂಪು ಸಾಕೋ, 1500ರದ್ದು ಬೇಕೋ ಎಂಬುದು ಮೊದಲ ಜಗಳ. 1250 ಎಂದರೆ ಸುಮಾರು 4,700 ಲೀಟರು. 1500 ಎಂದರೆ 5,700ರ ಹತ್ತಿರ. ಈ ಸಂಖ್ಯೆಗೆ ಒಂದು ಕಟ್ಟಳೆಯಿದೆ: ಕೆರೆಯಿಂದ ನೀರೆತ್ತುತ್ತಲೇ 150 ಪಿಎಸ್‌ಐ ಒತ್ತಡದಲ್ಲಿ ಪೂರ್ತಿ ಪ್ರಮಾಣ, 200ರಲ್ಲಿ ಅದರ ನೂರಕ್ಕೆ 70, 250ರಲ್ಲಿ ಅರ್ಧ ಕೊಡಬೇಕು. ನಾನು 1500ರ ಪರ. ಬೆಲೆಯ ಅಂತರ ಹೆಚ್ಚಿಲ್ಲ, ಪಂಪಿಗೆ ತ್ರಾಸ ಕಡಿಮೆ, ಮುಂದಿನ 25 ವರ್ಷಕ್ಕೂ ಆಗುತ್ತದೆ, ನಾಳೆ ದೊಡ್ಡ ಗೋದಾಮು ಬಂದರೆ ಎಂದೆಲ್ಲ ವಾದಿಸಿದೆ. ವಾದದಲ್ಲಿ ಸುಳ್ಳೇನೂ ಇರಲಿಲ್ಲ.

ಆ ವಾರ ಅಣ್ಣನಿಗೆ ಫೋನ್ ಮಾಡಿದಾಗ ಇದನ್ನೇ ಕೊಚ್ಚಿಕೊಂಡೆ. ಅಣ್ಣ ತೋಟದವನು; ಪಂಪು, ಪೈಪು, ಸ್ಪ್ರಿಂಕ್ಲರ್ ಎಂದರೆ ದಿನಬೆಳಗಾದರೆ ಅದೇ. ಹುಷಾರಾಗಿ ಕೇಳಿಸಿಕೊಂಡ.

“ಫುಟ್‌ವಾಲ್ವ್ ಇಲ್ದೇ ನೀರು ಹ್ಯಾಗೆ ಹಿಡೀತದೋ?”

ಇದಕ್ಕೆ ಬೇರೆ ಪುಟ್ಟ ಪಂಪಿದೆ, ಅದು ಸಕ್ಷನ್ ಪೈಪಿನ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತದೆ, ಆಗ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲೆ ತಳ್ಳುತ್ತದೆ ಎಂದು ವಿವರಿಸಿದೆ.

“ಜಾಯಿಂಟಲ್ಲಿ ಗಾಳಿ ಎಳೆದ್ರೆ?”

“ಎಳೆದ್ರೆ ಕತೆ ಮುಗೀತು ಅಣ್ಣಾ. ವಾಶರ್ ನೋಡ್ಕೋಬೇಕು.”

“ಸೈಕಲ್ ಟ್ಯೂಬ್ ಸುತ್ತು,” ಎಂದು ನಕ್ಕ. ಆಮೇಲೆ, “ಅಲ್ವೋ, ಹೊಳೇಲಿ ನೀರೆಷ್ಟಿದೆ ಅಂತ ನೋಡ್ದೇ ಪಂಪ್ ತರ್ತಾರೇನೋ ಯಾರಾದ್ರೂ?”

ನಮ್ಮ ಕಡೆ ಹೈಡ್ರಂಟ್ ಇಲ್ಲ. ಬೆಂಕಿ ಬಿದ್ದ ಮನೆಯ ಅಂಗಳದಲ್ಲಿ ಟಾರ್ಪಾಲಿನ ಮಡಚುವ ತೊಟ್ಟಿ ಬಿಡಿಸಿಡುತ್ತೇವೆ. ಅಕ್ಕಪಕ್ಕದ ದಳಗಳ ಟ್ಯಾಂಕರುಗಳು ಹಳ್ಳದಿಂದಲೋ ಕೆರೆಯಿಂದಲೋ ತುಂಬಿಕೊಂಡು ಬಂದು ಅದಕ್ಕೆ ಸುರಿದು, ಮತ್ತೆ ಓಡುತ್ತವೆ. ತೊಟ್ಟಿಯಿಂದ ನಮ್ಮ ಪಂಪು ಎಳೆಯುತ್ತದೆ. ನಮ್ಮ ಅಭ್ಯಾಸಗಳಲ್ಲಿ ಹೀಗೆ ಹೊತ್ತು ತಂದ ನೀರನ್ನು ನಿಮಿಷಕ್ಕೆ 400 ಗ್ಯಾಲನ್ನಿನಂತೆ ಎಡೆಬಿಡದೆ ಕೊಟ್ಟರೆ ಬೆನ್ನು ತಟ್ಟಿಕೊಳ್ಳುತ್ತೇವೆ. ಹೊಳೆಯೇ 400ರದ್ದಾದರೆ ಪಂಪು 1250 ಆದರೇನು, 1500 ಆದರೇನು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಸ್ಪ್ರೆಡ್‌ಶೀಟಿನಲ್ಲಿ ಟ್ಯಾಂಕರ್ ಓಡಾಟಕ್ಕೊಂದು ಅಂಕಣವೂ ಇತ್ತು. ಆ ಅಂಕಣವನ್ನು ನಾನು ಸಭೆಯಲ್ಲಿ ಓದಿ ಹೇಳಲಿಲ್ಲ, ಅಷ್ಟೆ.

ಯಾಕೆ ಎಂದು ನನ್ನನ್ನೇ ಕೇಳಿಕೊಂಡರೆ ಬರುವ ಉತ್ತರ ಅಷ್ಟೇನೂ ಚೆನ್ನಾಗಿಲ್ಲ. ಬಂಡಿಯ ಮೇಲೆ ದೊಡ್ಡ ಸಂಖ್ಯೆ ಇರಬೇಕೆಂಬ ಆಸೆ ಎಲ್ಲ ದಳಗಳಿಗೂ ಉಂಟು. ಆದರೆ ನನ್ನ ಆಸೆ ಇನ್ನೊಂದು ಬಗೆಯದು. ಆ ಪಂಪಿನ ಮುಂದೆ ನಿಲ್ಲುವವನು ನಾನು. ಹೊರಗಿನಿಂದ ಬಂದವನಿಗೆ ಊರು ಕೊಟ್ಟ ಜಾಗ ಆ ಫಲಕದ ಮುಂದಿನ ಎರಡು ಅಡಿ ನೆಲ. ಅದು ದೊಡ್ಡದಾಗಿ ಕಾಣಲಿ ಎಂದಿತ್ತು. ಪಂಪು ನನ್ನ ಪಾಲಿಗೆ ಯಂತ್ರಕ್ಕಿಂತ ಹೆಚ್ಚಾಗಿ ಗುರುತಿನ ಚೀಟಿಯಾಗಿಬಿಟ್ಟಿತ್ತು.

ಹೋಸಿನ ವಿಚಾರಕ್ಕೆ ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಮನೆಯೊಳಗೆ ಎಳೆದುಕೊಂಡು ಹೋಗುವ ಲೈನು ಒಂದೂಮುಕ್ಕಾಲು ಇಂಚಿನದು. ನೀರು ತುಂಬಿದ 50 ಅಡಿಯ ಒಂದು ತುಂಡಿನಲ್ಲಿ ನೀರೇ 24 ಕಿಲೋ. ಎರಡೂವರೆ ಇಂಚಿನದಾದರೆ 48 ಕಿಲೋ. ಎರಡೇ ಜನ ಅದನ್ನು ಮೆಟ್ಟಿಲ ತಿರುವಿನಲ್ಲಿ ಎಳೆಯುವುದು ಕನಸಿನ ಮಾತು. ಅದಕ್ಕೇ ಸಣ್ಣದು. ಸಣ್ಣದರ ಶಾಪವೆಂದರೆ ಘರ್ಷಣೆ: ನೀರು ಒಳಗೋಡೆಗೆ ಉಜ್ಜಿಕೊಂಡು ಹೋಗುವಾಗ ಒತ್ತಡ ಸೋರಿಹೋಗುತ್ತದೆ, ಅದೂ ಹರಿವಿನ ವರ್ಗದ ಲೆಕ್ಕದಲ್ಲಿ. ನಿಮಿಷಕ್ಕೆ 150 ಗ್ಯಾಲನ್ನನ್ನು 200 ಅಡಿ ಸಾಗಿಸಿದರೆ ಸುಮಾರು 70 ಪಿಎಸ್‌ಐ ದಾರಿಯಲ್ಲೇ ಮಾಯ. ತುದಿಯ ನಾಝಲ್ ನೀರನ್ನು ತುಂತುರಾಗಿ ಚೆಲ್ಲುವ ಹಳೆಯ ಬಗೆಯ ಫಾಗ್ ಆದರೆ ಅದಕ್ಕೆ 100 ಬೇಕು. ಪಂಪಿನಲ್ಲಿ 170 ಇಡಬೇಕು. ನನಗೆ ಈ ಸಂಖ್ಯೆ ಬಾಯಿಪಾಠ. ಲಿವರ್ ಎಳೆದು, 170ಕ್ಕೆ ತಂದು, ಮುಳ್ಳು ಅಲುಗದೆ ನಿಂತರೆ ಕೆಲಸ ಅಚ್ಚುಕಟ್ಟಾಯಿತೆಂದು ತೃಪ್ತಿ.

ದಳದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಇಪ್ಪತ್ತೆರಡರ ಆಸುಪಾಸು, ಹಾಲಿನ ಡೈರಿಯಲ್ಲಿ ಕೆಲಸ. ನಾಝಲ್ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಕಡಿಮೆ. ಒಂದು ಅಭ್ಯಾಸದ ಸಂಜೆ ನಮ್ಮ ನಾಝಲ್ಲನ್ನೂ, ನೇರ ಧಾರೆಯ ನಯವಾದ ನಾಝಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಎರಡನೆಯದರ ಬಾಯಿ ಎಂಟರಲ್ಲಿ ಏಳು ಇಂಚು. 50 ಪಿಎಸ್‌ಐ ಸಾಕು, 160 ಗ್ಯಾಲನ್ ಕೊಡುತ್ತದೆ, ಪಂಪಿನಲ್ಲಿ 130 ಇಟ್ಟರೆ ಆಯಿತು. ಹಿಡಿದವರನ್ನು ಅದು ಹಿಂದಕ್ಕೆ ತಳ್ಳುವ ಬಲ 27 ಕಿಲೋ. ನಮ್ಮ ಫಾಗ್ ನಾಝಲ್ 150 ಗ್ಯಾಲನ್ ಕೊಟ್ಟು 34 ಕಿಲೋ ತಳ್ಳುತ್ತದೆ. ಇದೆಲ್ಲ ನನ್ನ ಹಾಳೆಯಲ್ಲಿ ಮೊದಲೇ ಇತ್ತು. ಅವತ್ತು ಅವಳು, “ನೀನೇ ಸ್ವಲ್ಪ ಹಿಡಿ,” ಎಂದು ಫಾಗಿನ ಲೈನನ್ನು ನನ್ನ ಕೈಗಿತ್ತಳು. ಪಂಪಿನ ಬಳಿ ಬೇರೆಯವರು ನಿಂತರು. ಮಂಡಿಯೂರಿ, ಹೋಸನ್ನು ಕಂಕುಳಿಗೆ ಅವಚಿ, ಹಿಡಿಕೆಯನ್ನು ಹಿಂದಕ್ಕೆಳೆದೆ. ಮೊದಲ ಏಟು ಹೆಗಲಿಗೆ. ನಂತರ ಏಟಲ್ಲ, ಬಿಡದ ತಳ್ಳು; ಕೈ ನಡುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುಸ್ತಾದವರು ಏನು ಮಾಡುತ್ತಾರೆಂದು ಅಲ್ಲೇ ಗೊತ್ತಾಯಿತು: ನಾಝಲ್ಲನ್ನು ಅರ್ಧ ಮುಚ್ಚುತ್ತಾರೆ. ತಳ್ಳು ಕಡಿಮೆಯಾಗುತ್ತದೆ, ನೀರೂ ಕಡಿಮೆಯಾಗುತ್ತದೆ. ಗೇಜಿನಲ್ಲಿ ಮುಳ್ಳು ಮಾತ್ರ 170ರಲ್ಲೇ ನೆಟ್ಟಗೆ ನಿಂತಿರುತ್ತದೆ. ಗವರ್ನರ್ ಎಂಬ ವ್ಯವಸ್ಥೆಯೇ ಅದನ್ನು ಹಾಗೆ ನಿಲ್ಲಿಸಲು ಇರುವುದು. ಫಲಕದ ಮುಂದೆ ನಿಂತವನ ತೃಪ್ತಿಗೆ ಒಳಗಿನ ನೀರಿಗೆ ಸಂಬಂಧವೇ ಇಲ್ಲದಿರಬಹುದು.

ಕಡಿಮೆ ಒತ್ತಡಕ್ಕೂ ಅದರದೇ ಕಾಟವಿದೆ, ಅದನ್ನು ಮುಚ್ಚಿಡಬಾರದು. ಹೋಸು ಮೆತ್ತಗಾಗಿ ಬಾಗಿಲ ಮೂಲೆಯಲ್ಲಿ ಮಡಚಿಕೊಳ್ಳುತ್ತದೆ, ಹಿಂದೊಬ್ಬ ಬಿಡಿಸುತ್ತಲೇ ಇರಬೇಕು. ನಮಗೆ ಆ ಹಿಂದಿನವನೇ ಸಿಗುವುದಿಲ್ಲ. ಸಮಿತಿಯಲ್ಲಿ ಇದನ್ನು ಹಿಡಿದು ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಚೀಫ್, “ಮಂಗಳವಾರ ಮಧ್ಯಾಹ್ನ ಎಷ್ಟು ಜನ ಬರುತ್ತೀರಿ, ಕೈ ಎತ್ತಿ,” ಎಂದರು. ನಾಲ್ಕು ಕೈ. ಅದರಲ್ಲೊಂದು ನನ್ನದು, ಅಂದರೆ ಒಳಗೆ ಹೋಗದ ಕೈ. ಅಲ್ಲಿಯವರೆಗೆ ನಾವು ಆರಿಸುತ್ತಿದ್ದ ಸಲಕರಣೆಯೆಲ್ಲ ಹತ್ತು ಹನ್ನೆರಡು ಜನ ಹತ್ತಿ ಇಳಿಯುವ ಬಂಡಿಗೆ. ಹಾಗೆ ಜನ ತುಂಬಿದ ದಳ ಚೀಫರ ಅಪ್ಪನ ಕಾಲದ ಫೋಟೋದಲ್ಲಿದೆ.

ಜೋಡಣೆಗಳ ಬಗ್ಗೆ ಮಾತ್ರ ನಮ್ಮಲ್ಲಿ ಜಗಳವಾಗಲಿಲ್ಲ. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಹೊತ್ತಿ ಉರಿದಾಗ ವಾಷಿಂಗ್ಟನ್, ಫಿಲಡೆಲ್ಫಿಯಾಗಳಿಂದ ರೈಲಿನಲ್ಲಿ ಎಂಜಿನ್ನುಗಳು ಬಂದವು. ಅವರ ಹೋಸು ಬಾಲ್ಟಿಮೋರಿನ ಹೈಡ್ರಂಟಿಗೆ ಕೂರಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಎರಡೂವರೆ ಇಂಚಿನ ಹೋಸಿಗೆ ಇಂಚಿಗೆ ಏಳೂವರೆ ಸುತ್ತು ಎಂಬ ರಾಷ್ಟ್ರೀಯ ಥ್ರೆಡ್ ಬಂದದ್ದು ಆ ಮೇಲೆ. ಹಾಗಿದ್ದೂ ಕೆಲವು ನಗರಗಳು ಇಂದಿಗೂ ತಮ್ಮದೇ ಥ್ರೆಡ್ ಹಿಡಿದುಕೊಂಡು ಕೂತಿವೆ. ಊರಿನ ಅಭಿಮಾನ ಎಂಬುದು ಎಷ್ಟು ಸಣ್ಣ ಕಬ್ಬಿಣದಲ್ಲೂ ಅಡಗಿ ಕೂರಬಲ್ಲದು ನೋಡಿ. ನೀರು ತುಂಬಿಸುವ ಐದಿಂಚಿನ ಹೋಸಿಗೆ ನಾವು ಸ್ಟಾರ್ಜ್ ಜೋಡಣೆ ಬರೆದೆವು. ನಮ್ಮ ಕರ್ನಾಟಕದ ಠಾಣೆಗಳ 63 ಮಿ.ಮೀ. ಹೋಸಿನಲ್ಲಿ ಗಂಡು, ಹೆಣ್ಣು ಕಪ್ಲಿಂಗ್ ಎಂದು ನೋಡಿ ಹಾಸಬೇಕಲ್ಲ, ಇದರಲ್ಲಿ ಆ ರಗಳೆಯಿಲ್ಲ, ಎರಡೂ ತುದಿ ಒಂದೇ ಥರ. ಅಕ್ಕಪಕ್ಕದ ದಳಗಳದ್ದೂ ಅದೇ. ಇಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಅಗತ್ಯವೂ ಇರಲಿಲ್ಲ. ಅದಕ್ಕೇ ಇರಬೇಕು, ತೀರ್ಮಾನ ಬೇಗ ಆಯಿತು.

ಅಣ್ಣನ ಇನ್ನೊಂದು ಮಾತು ಒಳಗೆ ಉಳಿದಿದೆ. “ಊರಲ್ಲಿದ್ದಾಗ ಬ್ಯಾಣಕ್ಕೆ ಬೆಂಕಿ ಬಿದ್ರೆ ನೀನು ಬರ್ತಿರ್ಲಿಲ್ಲ,” ಎಂದ. ಕುಹಕವಿರಲಿಲ್ಲ, ನೆನಪಾಯಿತು, ಹೇಳಿದ. ಬೇಸಿಗೆಯಲ್ಲಿ ಆ ಹುಲ್ಲುಗಾವಲಿನ ಒಣಹುಲ್ಲು ಹೊತ್ತಿಕೊಂಡರೆ ಕೇರಿಯ ಗಂಡಸರೆಲ್ಲ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಗುಡ್ಡ ಹತ್ತುತ್ತಿದ್ದರು. ನನಗೆ ಯಾವಾಗಲೂ ಪರೀಕ್ಷೆ. ಓದುವ ಹುಡುಗ ಎಂದು ಯಾರೂ ಕರೆಯುತ್ತಿರಲಿಲ್ಲ, ಕರೆಯದಿದ್ದುದು ನನಗೂ ಅನುಕೂಲವಾಗಿತ್ತು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ಬೆಂಗಳೂರು, ಮೈಸೂರುಗಳಿಂದ ಹುಡುಗರು ಓಡಿಹೋಗಿ ಅರಣ್ಯ ಸಿಬ್ಬಂದಿಯ ಜೊತೆ ಹೀಗೇ ಸೊಪ್ಪು ಬಡಿದರು; ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ನಾನು ಇಲ್ಲಿ ಕೂತು ಫೋನಿನಲ್ಲಿ ನೋಡಿದೆ. ಇಲ್ಲಿಯ ಬೆಂಕಿಗೆ ಓಡುವವನು ಅಲ್ಲಿಯ ಬೆಂಕಿಗೆ ಯಾಕೆ ಏಳಲಿಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ಇಷ್ಟೇ: ಊರಿನಲ್ಲಿ ನಾನು ಏನೂ ಮಾಡದೆಯೇ ಊರಿನವನಾಗಿದ್ದೆ. ಇಲ್ಲಿ ಅದಕ್ಕೆ ಬಾಡಿಗೆ ಕಟ್ಟಬೇಕು. ನನ್ನ ಸೇವೆಯಲ್ಲಿ ಬಾಡಿಗೆಯ ಪಾಲೆಷ್ಟು, ಬೇರೆಯದರ ಪಾಲೆಷ್ಟು, ವಿಂಗಡಿಸಲು ಆಗುತ್ತಿಲ್ಲ. ಬೆಂಕಿ ಬಿದ್ದ ಮನೆಯವರಿಗೆ ಇದರಿಂದ ವ್ಯತ್ಯಾಸವಿಲ್ಲ. ಪಂಪು ಆರಿಸುವಾಗ ವ್ಯತ್ಯಾಸವಾಗುತ್ತದೆ.

ಟ್ಯಾಂಕಿನ ವಿಚಾರದಲ್ಲಿ ಆದದ್ದೂ ಅದೇ. ಹೈಡ್ರಂಟ್ ಇಲ್ಲದ ಊರಿಗೆ 1,000 ಗ್ಯಾಲನ್ ಟ್ಯಾಂಕು ಬೇಕೆಂಬುದು ಹಳಬರ ವಾದ, ಅದರಲ್ಲಿ ತಿರುಳಿದೆ: ಮೊದಲ ಟ್ಯಾಂಕರ್ ಬರುವವರೆಗೆ ನಮ್ಮ ಕೈಲಿರುವುದು ಅಷ್ಟೇ ನೀರು. ಒಂದು ಲೈನು ಓಡಿದರೆ 750ಕ್ಕೆ ಐದು ನಿಮಿಷ, 1,000ಕ್ಕೆ ಆರೂವರೆ. ಆದರೆ ಟ್ಯಾಂಕು ದೊಡ್ಡದಾದಷ್ಟೂ ಅದರ ಮೇಲೆ ಮಡಚಿಡುವ ಹೋಸಿನ ತೊಟ್ಟಿಲು ಮೇಲೇರುತ್ತದೆ. ನನ್ನ ಎತ್ತರ ಐದಡಿ ನಾಲ್ಕಿಂಚು. ಹಳೆಯ ಬಂಡಿಯಲ್ಲೇ ಹಿಂದಿನ ಮೆಟ್ಟಿಲೇರಿ, ಕಂಬಿ ಹಿಡಿದು ತುದಿಗಾಲಲ್ಲಿ ನಿಂತರೆ ಮಾತ್ರ ಹೋಸಿನ ತುದಿ ಕೈಗೆ ಸಿಗುತ್ತದೆ. ಆ ಡೈರಿಯ ಹುಡುಗಿಗೂ ಅದೇ ಗತಿ. ಘರ್ಷಣೆ, ನೀರೆತ್ತುವ ಎತ್ತರ, ಗವರ್ನರ್ ಎಲ್ಲದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ನಾನು ಈ ಒಂದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಆರಡಿಯ ಜನರ ಮುಂದೆ ನನಗೆ ಎಟುಕುವುದಿಲ್ಲ ಎನ್ನುವುದು ಹೇಗೆ? 1,000 ಗ್ಯಾಲನ್ನಿಗೆ ತಲೆಯನ್ನೂ ಆಡಿಸಿದ್ದೆ.

ಕಳೆದ ಸಭೆಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಮಂಗಳವಾರಕ್ಕೆ ಕೈ ಎತ್ತಿದ್ದ ನಾಲ್ವರಲ್ಲಿ ಮೂವರು ಐದೂವರೆ ಅಡಿಗಿಂತ ಕುಳ್ಳರೆಂಬುದು ಆಗ ಬೆಳಕಿಗೆ ಬಂತು. ಚೀಫ್ ಅಳತೆಯ ಟೇಪು ತಂದು, ನೆಲದ ಮೇಲೆ ನಿಂತು ಕೈ ಎತ್ತಲು ಹೇಳಿ, ನಮ್ಮ ಬೆರಳ ತುದಿಯ ಎತ್ತರವನ್ನು ಗುರುತು ಹಾಕಿಕೊಂಡರು. ಟ್ಯಾಂಕು 750ಕ್ಕೆ ಇಳಿಯಿತು. ಒಬ್ಬ ಹಿರಿಯರು ಮುನಿಸಿಕೊಂಡಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ, ಆ ಒಂದೂವರೆ ನಿಮಿಷ ಎಂದಾದರೂ ಬೇಕಾದೀತು.

ಪಂಪಿನ ಮತ ಮುಂದಿನ ತಿಂಗಳು. ಟ್ಯಾಂಕರಿನ ಅಂಕಣವನ್ನು ಈ ಸಲ ಎಲ್ಲರಿಗೂ ಮುದ್ರಿಸಿ ಕೊಡುತ್ತಿದ್ದೇನೆ, 1250ಕ್ಕೇ ಕೈ ಎತ್ತುತ್ತೇನೆ. ಉಳಿದವರೆಲ್ಲ ಸೇರಿ 1500 ಗೆಲ್ಲಿಸಿದರೆ ಒಳಗೊಳಗೇ ಖುಷಿಯಾಗುತ್ತದೆ ಎಂಬುದೂ ನನಗೆ ಗೊತ್ತು.