ಸೆಲ್ಫ್ ತಗೊಳ್ಳದ ಫಿಯೆಟ್

ಆಗಸ್ಟ್ 10, 2025, ಭಾನುವಾರ
ಸಾಗರ

ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಯಿತು. ಆಷಾಢ ಹಿಡಿದಾಗಿನಿಂದ ಶೆಡ್ಡು ಬಿಟ್ಟು ಕದಲದ ಫಿಯೆಟ್ಟನ್ನು ಹೊರಗೆ ತೆಗೆಯೋಣವೆಂದು ಹೋದೆ. 1986ರ ಪ್ರೀಮಿಯರ್ ಪದ್ಮಿನಿ. ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದು ‘ಟಕ್’ ಶಬ್ದ; ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಂಕಾಯಿತು, ಅಷ್ಟೇ.

ಸದ್ದು ಕೇಳಿ ಜನ ಸೇರಿದರು. ಎದುರುಮನೆಯ ಅಡಿಕೆ ವ್ಯಾಪಾರಿಯ ಪ್ರಕಾರ ಬ್ಯಾಟರಿ ಸತ್ತಿದೆ. ಆಟೋದವನ ಪ್ರಕಾರ ಸೆಲ್ಫ್ ಮೋಟಾರೇ ಸುಟ್ಟಿದೆ. ಮೂರನೆಯವರು ತಳ್ಳಿಸಿ ಸೆಕೆಂಡ್ ಗೇರಿಗೆ ಹಾಕಿ ಎಂದರು. ಬೆಂಗಳೂರಿನಿಂದ ಅಣ್ಣನ ಮಗ ಫೋನಿನಲ್ಲಿ, “ಮಾರಿಬಿಡಿ ಚಿಕ್ಕಪ್ಪ, ಯಾರಾದರೂ ಸಿನಿಮಾದವರು ತಗೊಳ್ತಾರೆ” ಎಂದ. ಇಷ್ಟೂ ತೀರ್ಪುಗಳು ಬಾನೆಟ್ ಎತ್ತುವ ಮೊದಲೇ ಬಂದವು.

ಮಲ್ಟಿಮೀಟರ್ ಹಚ್ಚಿ ನೋಡಿದೆ: 11.9 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕು. ಬಿಚ್ಚಿ ತಂದು ಜಗಲಿಯಲ್ಲಿ ಚಾರ್ಜಿಗೆ ಹಾಕಿದ್ದೇನೆ. ಹತ್ತಿರ ಊದುಬತ್ತಿ ಹಚ್ಚಬೇಡ ಎಂದು ಹೆಂಡತಿಗೆ ಹೇಳಿದೆ. ಚಾರ್ಜಾಗುವಾಗ ಹೈಡ್ರೋಜನ್ ಬರುತ್ತದೆ. “ನಿಮ್ಮ ಗಾಡಿಗೋಸ್ಕರ ದೇವರಿಗೂ ರಜೆಯಾ?” ಎಂದಳು.

ಆಗಸ್ಟ್ 11, ಸೋಮವಾರ

ಬ್ಯಾಟರಿ 12.6ಕ್ಕೆ ಬಂತು. ಟರ್ಮಿನಲ್‌ಗಳ ಮೇಲೆ ಕಟ್ಟಿದ್ದ ಬಿಳಿ-ಹಸಿರು ಕಿಲುಬನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು, ಮರಳುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಸೆಲ್ಫ್ ಹೊಡೆದೆ. ಎಂಜಿನ್ ಅರ್ಧ ಸುತ್ತು ತಿರುಗಿ ನರಳಿ ನಿಂತಿತು. ಸಾಮಾನ್ಯವಾಗಿ ಇಲ್ಲೇ ಎಲ್ಲರೂ ಹೊಸ ಬ್ಯಾಟರಿಗೆ ದುಡ್ಡು ಸುರಿಯುವುದು.

ಕಾಯಿಲ್ ವೈರ್ ಬಿಚ್ಚಿ, ಗೇರ್ ನ್ಯೂಟ್ರಲ್ಲಿನಲ್ಲಿದೆಯೇ ನೋಡಿಕೊಂಡು, ಇವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ನೇರ ಎಂಜಿನ್ನಿನ ಕಬ್ಬಿಣಕ್ಕೆ. “ಹೊಡಿ” ಎಂದೆ. ಸೆಲ್ಫ್ ಎಳೆಯುವಾಗ ಈ ಎರಡರ ನಡುವೆ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಮೀಟರ್ ಮೂರು ತೋರಿಸಿತು!

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ, ಸೆಲ್ಫ್ ಮೋಟಾರಿಗೆ ಹೋದದ್ದು ಬ್ಯಾಟರಿಗೆ ವಾಪಸು ಬರಲು ಬಾಡಿಗೂ ಎಂಜಿನ್ನಿಗೂ ಒಂದು ತಾಮ್ರದ ಪಟ್ಟಿ ಇರುತ್ತದೆ. ಅದೇ ಅರ್ತ್ ಪಟ್ಟಿ. ಸೆಲ್ಫ್ ಸುಮಾರು 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಆ ಪಟ್ಟಿಯ ಬೋಲ್ಟಿನಲ್ಲಿ ತುಕ್ಕು ಹಿಡಿದು ಓಮಿನ ನೂರರಲ್ಲಿ ಎರಡು ಪಾಲು ರೋಧ ಹುಟ್ಟಿದರೂ ಮೂರು ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಗಾಡಿ ಸುಮ್ಮನೆ ನಿಂತಿರುವಾಗ ಓಮ್ ಮೀಟರ್ ಹಚ್ಚಿದರೆ ಇಷ್ಟು ಸಣ್ಣ ರೋಧ ಕಾಣುವುದೇ ಇಲ್ಲ. ಭಾರ ಬಿದ್ದಾಗಲೇ ಗುಟ್ಟು ಹೊರಬೀಳುವುದು. ಮೂವತ್ತು ವರ್ಷ ಹುಡುಗರಿಗೆ ಓಮನ ನಿಯಮ ಬೋರ್ಡಿನ ಮೇಲೆ ಬರೆದೆ. ಶಾಲೆಗೊಂದು ಹಳೇ ಫಿಯೆಟ್ ಕೊಟ್ಟಿದ್ದರೆ ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತಿತ್ತು.

ಆಗಸ್ಟ್ 13, ಬುಧವಾರ

ಪಟ್ಟಿ ಬದಲಾಯಿಸಿ, ಬೋಲ್ಟ್ ಕೂರುವ ಜಾಗದ ಬಣ್ಣ ತುಕ್ಕು ಎಲ್ಲ ಕೆರೆದು ಬಿಗಿದೆ. ಈಗ ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಆದರೂ ಪ್ರಶ್ನೆ ಬದಲಾಯಿತಲ್ಲ, ಅದೇ ಸಮಾಧಾನ. ತಿರುಗದ ಎಂಜಿನ್ನಿಗೂ ತಿರುಗಿಯೂ ಹಿಡಿಯದ ಎಂಜಿನ್ನಿಗೂ ರೋಗ ಬೇರೆ. ತಿರುಗುತ್ತಿದೆಯೆಂದ ಮೇಲೆ ಕೇಳಬೇಕಾದ್ದು ಎರಡೇ: ಕಿಡಿ ಇದೆಯೇ? ಪೆಟ್ರೋಲ್ ಬರುತ್ತಿದೆಯೇ?

ಕತ್ತಲಾದ ಮೇಲೆ ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಸುತ್ತ, ಪ್ಲಗ್ ವೈರುಗಳ ಗುಂಟ ನೀಲಿ ಎಳೆಗಳು ಹರಿದಾಡಿದವು. ಸಾವಿರಾರು ವೋಲ್ಟ್ ಪ್ಲಗ್ಗಿಗೆ ಹೋಗುವ ಬದಲು ತೇವದ ದಾರಿ ಹಿಡಿದಿತ್ತು. ಹಗಲಲ್ಲಿ ಇದು ಯಾರ ಕಣ್ಣಿಗೂ ಬೀಳದು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ಶಾಲೆಯಲ್ಲಿ ಧ್ವಜಾರೋಹಣ. ಆಮೇಲೆ ದಿನವಿಡೀ ಜಡಿಮಳೆ. ಗಾಡಿ ಮುಟ್ಟಲಿಲ್ಲ.

ಆಗಸ್ಟ್ 17, ಭಾನುವಾರ

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಒಳಗೆ ಬೆವರಿದ ಹಾಗೆ ನೀರಿನ ಹನಿ. ಪಾಯಿಂಟ್ ಬಾಯಿಗೆ ಬೂದುಬಣ್ಣದ ಪೊರೆ. ಮುಚ್ಚಳವನ್ನು ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಇರಲಿಲ್ಲ. ಪಾಯಿಂಟನ್ನು ಸಣ್ಣ ಅರದಲ್ಲಿ ಎರಡೇ ಎಳೆತ ಉಜ್ಜಿ, ಫೀಲರ್ ಗೇಜ್ ಇಟ್ಟು ಅಂತರ ಕೂಡಿಸಿದೆ. ಅರ್ಧ ಮಿಲಿಮೀಟರಿಗೂ ಕಡಿಮೆ ಇರುವ ಈ ಸಂದಿ ತೆರೆದುಕೊಂಡ ಕ್ಷಣದಲ್ಲಿ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಕಿಡಿ ಹುಟ್ಟಬೇಕು. ಪಾಯಿಂಟಿನ ಮೇಲೆ ಪೊರೆ ಇದ್ದರೆ ಕಾಯಿಲ್‌ಗೆ ಕರೆಂಟೇ ತುಂಬುವುದಿಲ್ಲ, ಇನ್ನು ಕುಸಿಯುವುದೇನು?

ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡಿದಾಗ ಮೊದಲು ಸುಸ್ತಾದ ಕಿತ್ತಳೆ ಕಿಡಿ ಬರುತ್ತಿತ್ತು. ಈಗ ಚಟಚಟ ನೀಲಿ. ಪ್ಲಗ್ ಹಾಕಿ ಸೆಲ್ಫ್ ಹೊಡೆದೆ, ಎಂಜಿನ್ ಹಿಡಿಯಿತು! ಇವಳು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಕೆಮ್ಮಿ ನಿಂತೂಹೋಯಿತು. ಆಮೇಲೆ ಏನು ಮಾಡಿದರೂ ಇಲ್ಲ.

ಹಳೇ ಗಾಡಿಗೆ ಒಂದೇ ರೋಗ ಅಂತ ಇರುವುದಿಲ್ಲ. ಒಂದು ಕಳಚಿದ ಮೇಲೆಯೇ ಇನ್ನೊಂದರ ಮುಖ ಕಾಣುವುದು. ಒಂದೇ ದಿನ ಬ್ಯಾಟರಿ, ಕಾಯಿಲ್, ಪಾಯಿಂಟ್ ಎಲ್ಲ ಹೊಸದು ಹಾಕಿಸುವವರಿಗೆ ಗಾಡಿ ಹೊರಟರೂ ಯಾವುದರಿಂದ ಹೊರಟಿತೆಂಬುದು ಗೊತ್ತಾಗದು.

ಆಗಸ್ಟ್ 19, ಮಂಗಳವಾರ

ಹಳೇ ಮೆಕ್ಯಾನಿಕ್ ಭಾಯಿ ಬಂದಿದ್ದರು. ಕಾರ್ಬೊರೇಟರ್ ಕೆಲಸದಲ್ಲಿ ಅವರ ಕೈಗೆ ಸಮನಾದ ಕೈ ಈ ಸುತ್ತಿನಲ್ಲಿ ಇಲ್ಲ. ಈಗ ಗ್ಯಾರೇಜು ಮುಚ್ಚಿ ಟೈರ್ ಅಂಗಡಿಯಲ್ಲಿ ಕೂರುತ್ತಾರೆ.

“ಎಂತ ಆಯ್ತು ಮೇಷ್ಟ್ರೇ, ಸ್ಟಾರ್ಟ್ ಆಗಿ ನಿಂತು ಹೋಯ್ತಾ?”

“ಹೂಂ ಭಾಯಿ.”

“ಹಾಗಾದ್ರೆ ಬೌಲಿನಲ್ಲಿ ಇದ್ದಿದ್ದನ್ನು ಕುಡೀತು, ಹಿಂದಿನಿಂದ ಬರ್ತಿಲ್ಲ.”

ಕಾರ್ಬೊರೇಟರಿಗೆ ಬರುವ ಪೈಪ್ ಕಳಚಿ ಬಾಟಲಿಗೆ ಬಿಟ್ಟು, ಕಾಯಿಲ್ ವೈರ್ ತೆಗೆದಿಟ್ಟು, ಸೆಲ್ಫ್ ಹೊಡೆಸಿದರು. ಪಂಪಿನ ಪ್ರತಿ ಬಡಿತಕ್ಕೂ ಚಿಮ್ಮಬೇಕಿದ್ದದ್ದು ತೊಟತೊಟ ತೊಟ್ಟಿಕ್ಕಿತು. ಪಂಪ್ ಬಿಚ್ಚಿದರೆ ಡಯಾಫ್ರಮ್ ಊದಿ ಅಂಚಿನಲ್ಲಿ ಸೀಳಿದೆ. ಟ್ಯಾಂಕಿನ ಕಡೆಯ ರಬ್ಬರ್ ಪೈಪು ಬೆರಳಲ್ಲಿ ಒತ್ತಿದರೆ ಮೆತ್ತಗೆ. ಭಾಯಿ ತಕ್ಷಣ ಎಂಜಿನ್ ಆಯಿಲ್‌ನ ಡಿಪ್‌ಸ್ಟಿಕ್ ಎಳೆದು ಮೂಸಿದರು, ನನಗೂ ಮೂಸಿಸಿದರು. ಪೆಟ್ರೋಲ್ ವಾಸನೆ. ಡಯಾಫ್ರಮ್ ಹರಿದರೆ ಪೆಟ್ರೋಲ್ ಒಳಗಿಂದೊಳಗೇ ಆಯಿಲ್ ಚೇಂಬರಿಗೆ ಇಳಿಯುತ್ತದೆ; ಆಯಿಲ್ ತೆಳುವಾಗಿ ಬೇರಿಂಗ್ ಹೋಗುತ್ತದೆ. ಇದು ಗೊತ್ತಾಗದೆ ಓಡಿಸಿ ಎಂಜಿನ್ ಹಾಳುಮಾಡಿಕೊಂಡವರು ಹಲವರು ಎಂದರು.

ಕಾರ್ಬೊರೇಟರ್ ಬೌಲಿನ ತಳದಲ್ಲಿ ಬಿಳಿ ಪುಡಿ. ಮೇನ್ ಜೆಟ್ ಕಟ್ಟಿಕೊಂಡಿತ್ತು. ನಾನು ತಂತಿ ಹುಡುಕಲು ಎದ್ದರೆ ಭಾಯಿ ಗದರಿದರು. ಜೆಟ್ ಹಿತ್ತಾಳೆಯದು, ಅದರ ತೂತು ಮಿಲಿಮೀಟರಿನ ನೂರರ ಪಾಲಿನ ಲೆಕ್ಕದ್ದು, ತಂತಿ ಹಾಕಿ ಗೀರಿದರೆ ಮೈಲೇಜ್ ಹೋದ ಹಾಗೆಯೇ. ಗಾಳಿ ಊದಿ ಬಿಡಿಸಿದರು.

ಬಾಟಲಿಯಲ್ಲಿ ಹಿಡಿದಿಟ್ಟದ್ದನ್ನು ಸಂಜೆ ನೋಡಿದಾಗಲೇ ನಿಜವಾದ ವಿಷಯ ತಿಳಿದದ್ದು. ಎರಡು ಪದರ! ಮೇಲೆ ಪೆಟ್ರೋಲು, ಕೆಳಗೆ ಮಬ್ಬಾದ ಇನ್ನೇನೋ, ನಡುವೆ ಗೆರೆ ಎಳೆದಂತೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥನಾಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಪೆಟ್ರೋಲಿನಲ್ಲಿ ಕರಗಿಸಿಕೊಂಡೇ ಇರುತ್ತದೆ. ಮಿತಿ ಮೀರಿದರೆ ನೀರಿನ ಜೊತೆ ತಾನೂ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನಿಂದ ಎಳೆಯುವ ಪೈಪಿನ ಬಾಯಿ ಇರುವುದೂ ತಳದಲ್ಲೇ. ಎಂಜಿನ್ನಿಗೆ ಹೋಗುತ್ತಿದ್ದದ್ದು ನೀರು ಬೆರೆತ ಎಥನಾಲ್.

ನೀರು ಬಂದದ್ದು ಎಲ್ಲಿಂದ ಎಂದು ಹುಡುಕಿದರೆ, ಪೆಟ್ರೋಲ್ ಮುಚ್ಚಳದ ರಬ್ಬರ್ ವಾಷರ್ ಕಲ್ಲಾಗಿ ಬಿರಿದಿದೆ. ಶೆಡ್ಡಿನ ಸೂರಿನ ನೀರು ಸರಿಯಾಗಿ ಅದೇ ಮೂಲೆಗೆ ಸುರಿಯುತ್ತದೆ. ಟ್ಯಾಂಕ್ ಅರ್ಧ ಖಾಲಿ ಬೇರೆ.

ಆಗಸ್ಟ್ 23, ಶನಿವಾರ

ಪಂಪ್ ಕಿಟ್ಟಿಗಾಗಿ ಶಿವಮೊಗ್ಗದಲ್ಲಿ ವಿಚಾರಿಸಿದೆ, ಇಲ್ಲ. ಅಣ್ಣನ ಮಗನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಲು ಹೇಳಿದ್ದೇನೆ. ಮಾರಿಬಿಡಿ ಎಂದವನೇ ಈಗ ಅಂಗಡಿ ಅಂಗಡಿ ಅಲೆಯಬೇಕು. ಮುಂಬೈಯಲ್ಲಿ ಟ್ಯಾಕ್ಸಿಗಳೆಲ್ಲ ಇದೇ ಗಾಡಿಗಳಾಗಿದ್ದಾಗ ಬಿಡಿಭಾಗಕ್ಕೆ ಬರವಿರಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು.

ಪೇಪರಿನಲ್ಲಿ ಇನ್ನೊಂದು ಸುದ್ದಿ: 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣಕ್ಕೆ ಕೇಂದ್ರ ಸರ್ಕಾರ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದೆ. ಮೊದಲು 5,000 ಇತ್ತು. ಹಳೇ ಗಾಡಿಯ ರಬ್ಬರನ್ನು ಊದಿಸುವ ಪೆಟ್ರೋಲನ್ನು ಹಾಕುವವರೂ ಅವರೇ, ಹಳೇ ಗಾಡಿ ಇಟ್ಟುಕೊಂಡದ್ದಕ್ಕೆ ದುಡ್ಡು ಕೇಳುವವರೂ ಅವರೇ. ಎಥನಾಲ್‌ನಿಂದ ಕಬ್ಬು ಬೆಳೆಯುವವರಿಗೆ ನಾಲ್ಕು ಕಾಸು ಸಿಗುವುದಾದರೆ ನನ್ನ ತಕರಾರಿಲ್ಲ. ಆದರೆ ಹಳೇ ಗಾಡಿಗಳಿಗೆಂದು ಕಡಿಮೆ ಎಥನಾಲ್ ಇರುವ ಪೆಟ್ರೋಲಿನ ಒಂದು ನಳಿಗೆಯನ್ನಾದರೂ ಬಂಕಿನಲ್ಲಿ ಉಳಿಸಬಹುದಿತ್ತು.

ಆಗಸ್ಟ್ 26, ಮಂಗಳವಾರ, ಗೌರಿ ಹಬ್ಬ

ಕಿಟ್ ನಿನ್ನೆ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಟ್ಯಾಂಕ್ ಪೂರ್ತಿ ಬಸಿದು, ಒಣಗಿಸಿ, ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಾಯಿಸಿ, ಆಯಿಲ್ ಹೊಸದು ಹಾಕಿ, ಮುಚ್ಚಳಕ್ಕೆ ಹೊಸ ವಾಷರ್ ಕೂರಿಸಿದೆವು. ಭಾಯಿ ಪಂಪ್ ಜೋಡಿಸಿ, ಹೊಸ ಪೆಟ್ರೋಲ್ ಮೇಲೆ ಬರುವವರೆಗೆ ಸೆಲ್ಫ್ ಹೊಡೆಸಿ, “ಈಗ ಚೋಕ್ ಎಳೀರಿ” ಎಂದರು. ಹಿಡಿಯಿತು. ಚೋಕ್ ಒಳಗೆ ತಳ್ಳಿದ ಮೇಲೂ ನಿಲ್ಲಲಿಲ್ಲ. ಜೋಗದ ರಸ್ತೆಯಲ್ಲಿ ತಾಳಗುಪ್ಪದವರೆಗೆ ಹೋಗಿ ಬಂದೆವು, ಬಿಸಿಯಾದ ಎಂಜಿನ್ ಆರಿಸಿ ಮತ್ತೆ ಹಚ್ಚಿದೆವು, ತಕರಾರಿಲ್ಲ. ಭಾಯಿ ದುಡ್ಡು ಬೇಡವೆಂದರು, ಇವಳು ಕೊಟ್ಟ ಕಡುಬು ಕಟ್ಟಿಸಿಕೊಂಡು ಹೋದರು.

ನೋಂದಣಿ ಮುಂದಿನ ವರ್ಷ ಮುಗಿಯುತ್ತದೆ. ಹತ್ತು ಸಾವಿರ ಕಟ್ಟುವುದೆಂದು ಇಬ್ಬರೂ ತೀರ್ಮಾನಿಸಿದ್ದೇವೆ. ಅದಕ್ಕೂ ಮೊದಲು ಶೆಡ್ಡಿನ ಸೂರಿಗೆ ದೋಣಿ ಹಾಕಿಸಬೇಕು.