ತುಟಿಯಂಚಿನ ಉಪ್ಪು

ಬೇಸಿಗೆಯಲ್ಲಿ ಚಾಮುಂಡಿ ಬೆಟ್ಟದ ರಸ್ತೆಯನ್ನು ಓಡುತ್ತಾ ಏರುವ ಸುಖದಲ್ಲಿ ನಾಲಿಗೆಗೂ ಒಂದು ಪಾಲಿದೆ. ಹಣೆಯಿಂದ ಇಳಿದ ಬೆವರು ತುಟಿಯಂಚಿಗೆ ಬಂದು ನಿಂತಾಗ ನಾನು ಅದನ್ನು ಸವಿದು ನೋಡುತ್ತೇನೆ. ಮಾರ್ಚ್ ಮೊದಲ ವಾರದ ಬೆವರು ಕಟು ಉಪ್ಪು, ಕಣ್ಣಿಗಿಳಿದರೆ ಉರಿ. ಅದೇ ರಸ್ತೆಯಲ್ಲಿ ಬಿಡದೆ ಓಡಿದರೆ ಏಪ್ರಿಲ್ ಹೊತ್ತಿಗೆ ಬೆವರು ಹೆಚ್ಚಾಗುತ್ತದೆ, ಉಪ್ಪು ಸಪ್ಪೆಯಾಗುತ್ತದೆ. ಓಟ ನನಗೆ ಕೊಟ್ಟಿರುವ ಬೆರಗುಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಬೆವರಿನ ಗ್ರಂಥಿಯ ಸುರುಳಿಯಲ್ಲಿ ರಸ ಊರುವಾಗ ಅದರಲ್ಲಿ ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪಿರುತ್ತದೆ. ಸಣ್ಣ ನಾಳದ ಮೂಲಕ ಅದು ಚರ್ಮದತ್ತ ಏರುವ ದಾರಿಯಲ್ಲಿ ನಾಳದ ಗೋಡೆ ಸೋಡಿಯಂ ಅನ್ನು ಹೀರಿಕೊಂಡು ಒಳಕ್ಕೆ ಮರಳಿಸುತ್ತದೆ. ನಿಧಾನವಾಗಿ ನಡೆಯುವಾಗ ಈ ಕೆಲಸಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಏರು ರಸ್ತೆಯಲ್ಲಿ ದಮ್ಮುಕಟ್ಟಿ ಓಡುವಾಗ ಬೆವರಿನ ಹರಿವೇ ಜೋರು, ಉಪ್ಪು ತಪ್ಪಿಸಿಕೊಂಡು ಹೊರಬೀಳುತ್ತದೆ. ಆದರೆ ಸುಮಾರು ಹತ್ತರಿಂದ ಹದಿನಾಲ್ಕು ದಿನ ಬಿಸಿಲಲ್ಲಿ ದುಡಿದ ಮೈಯಲ್ಲಿ ಆಲ್ಡೋಸ್ಟೆರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ನಾಳ ಹೆಚ್ಚು ಹೀರತೊಡಗುತ್ತದೆ. ಯಾರೂ ಹೇಳಿಕೊಡದೆ ಮೈ ಮಿತವ್ಯಯ ಕಲಿತುಬಿಡುತ್ತದೆ.

ಹೋಗುವುದು ಎಷ್ಟು? ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂನಿಂದ ಎರಡು ಗ್ರಾಂ ಆಸುಪಾಸಿನವರೆಗೆ ಸೋಡಿಯಂ. ಒಂದು ಗ್ರಾಂ ಎಂದರೂ ಅಡುಗೆ ಉಪ್ಪಿನ ಲೆಕ್ಕದಲ್ಲಿ ಅರ್ಧ ಚಮಚದಷ್ಟಾಯಿತು. ಪೊಟ್ಯಾಸಿಯಂ ಅದರ ಒಂದು ಸಣ್ಣ ಅಂಶ, ಮೆಗ್ನೀಸಿಯಂ ಇನ್ನೂ ಕಡಿಮೆ. ಮೈಸೂರಿನ ಒಣಹವೆಯಲ್ಲಿ ಇದೆಲ್ಲ ಬನಿಯನ್ನಿನ ಬೆನ್ನಿನ ಮೇಲೆ ಬಿಳಿ ಗೆರೆಗಳಾಗಿ ಮೂಡುತ್ತದೆ. ಪಣಂಬೂರಿನ ಕಡಲ ತಡಿಯಲ್ಲಿ ಓಡಿದರೆ ಗೆರೆ ಕಾಣುವುದಿಲ್ಲ. ಅಲ್ಲಿ ಬೆವರು ಆರುವುದೇ ಇಲ್ಲ, ತೊಟ್ಟಿಕ್ಕಿ ಮರಳಿಗೆ ಸೇರುತ್ತದೆ.

ಬೆವರಿನಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಪೊಟ್ಯಾಸಿಯಂ ನಡೆಸುವ ಆಟ ಸ್ನಾಯುವಿನೊಳಗೆ. ಸ್ನಾಯು ಒಂದೊಂದು ಸಲ ಸಂಕುಚಿಸಿದಾಗಲೂ ಜೀವಕೋಶದಿಂದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಅದನ್ನು ಒಳಗೆಳೆಯಲು ಕೋಶದ ಪೊರೆಯಲ್ಲಿ ಪಂಪುಗಳಿವೆ: ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ. ಕಡಿದಾದ ಏರಿನಲ್ಲಿ ಸೋರಿಕೆಯ ವೇಗಕ್ಕೆ ಪಂಪುಗಳು ಸರಿಗಟ್ಟಲಾರವು. ತೊಡೆಗಳು ಕಲ್ಲಾಗುವುದರ ಹಿಂದೆ ಇದರ ಕೈವಾಡವೂ ಇದೆ. ರಕ್ತದಲ್ಲಿಯೂ ಪೊಟ್ಯಾಸಿಯಂ ಏರುತ್ತದೆ, ಸುಮ್ಮನೆ ಮಲಗಿದವರಲ್ಲಿ ಕಂಡರೆ ವೈದ್ಯರು ಗಾಬರಿಯಾಗುವಷ್ಟು. ಓಟ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಕೆಳಗಿಳಿದು ಕಾಲು ಹಗುರಾಗುತ್ತದೆ. ಆ ಹಗುರವನ್ನು ಅನುಭವಿಸಲೆಂದೇ ನಾನು ಎಷ್ಟೋ ಸಲ ಕೊನೆಯ ಏರನ್ನು ಬೇಕಂತಲೇ ಜೋರಾಗಿ ಓಡುತ್ತೇನೆ. ಅಭ್ಯಾಸ ಮಾಡಿದ ಸ್ನಾಯುವಿನಲ್ಲಿ ಈ ಪಂಪುಗಳ ಸಂಖ್ಯೆಯೇ ಹೆಚ್ಚುತ್ತದಂತೆ ಎಂದು ಓದಿದ ದಿನ ನನಗೆ ಹಬ್ಬ.

ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕಾವಿನಲ್ಲಿ ಬೆವರು ಸುರಿಸುತ್ತಾ ಬರೀ ನೀರು ಕುಡಿದ ಕಾರ್ಮಿಕರಿಗೆ ಸ್ನಾಯುಗಳು ಹಿಡಿದುಕೊಳ್ಳುತ್ತಿದ್ದುದನ್ನೂ ನೀರಿಗೆ ಉಪ್ಪು ಬೆರೆಸಿ ಕೊಟ್ಟಾಗ ಅದು ತಗ್ಗಿದ್ದನ್ನೂ ಸಂಶೋಧಕ ನೆವಿಲ್ ಮಾಸ್ 1923ರಲ್ಲೇ ಬರೆದಿದ್ದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಮಗೆ ಗೊತ್ತು. ನೀರನ್ನೇ ಕುಡಿದವನ ಕಷ್ಟ ಗೊತ್ತಿರುವವರು ಕಡಿಮೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಓಡುತ್ತಾ ಅತಿಯಾಗಿ ಕುಡಿದು, ಹೊರಟಾಗಿನದಕ್ಕಿಂತ ತೂಕ ಹೆಚ್ಚಿಸಿಕೊಂಡು ಬಂದವರಿಗೇ ಅಪಾಯ ಜಾಸ್ತಿ. ಹಾಗಾಗಿ ಜೊತೆ ಓಡುವ ಹುಡುಗರಿಗೆ ನಾನು ಹೇಳುವುದಿಷ್ಟೆ: ಬಾಯಾರಿದಷ್ಟು ಕುಡಿಯಿರಿ ಮಕ್ಕಳೇ, ಪಂದ್ಯ ಕಟ್ಟಿದವರಂತೆ ಕುಡಿಯಬೇಡಿ.

ಬೆಟ್ಟ ಇಳಿದರೆ ಮಜ್ಜಿಗೆಯ ಅಮ್ಮ ಇರುತ್ತಾರೆ. ನನ್ನ ಬನಿಯನ್ ನೋಡಿಯೇ ಕೇಳುತ್ತಾರೆ, “ಉಪ್ಪು ಜಾಸ್ತಿ ಹಾಕ್ಲಾ ಅಣ್ಣಾ?” “ಹಾಕಮ್ಮ.” ಎಳನೀರೂ ನನಗಿಷ್ಟ, ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅಲ್ಪ. ಗಂಟೆಗಟ್ಟಲೆ ಬೆವರಿದ ಮೈಗೆ ಮಜ್ಜಿಗೆಯೇ ಸರಿ. ಅರ್ಧ ಗಂಟೆ ವಾಯುವಿಹಾರ ಮಾಡುವವರಿಗೆ ಈ ಹೆಚ್ಚುವರಿ ಉಪ್ಪು ಬೇಡವೇ ಬೇಡ, ನಮ್ಮ ಊಟದಲ್ಲೇ ಅದು ಸಾಕಷ್ಟಿದೆ.

ಕಬ್ಬಿಣದ ಕತೆ ಬೇರೆ. ಅಂಗಾಲು ನೆಲಕ್ಕೆ ಬಡಿಯುವಾಗ ಒಂದಿಷ್ಟು ಕೆಂಪು ರಕ್ತಕಣಗಳು ಒಡೆಯುತ್ತವೆ. ಜೋರು ಓಟ ಮುಗಿದ ಮೂರರಿಂದ ಆರು ಗಂಟೆಯೊಳಗೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಅದಕ್ಕೇ ನಾನು ಮನೆಗೆ ಬಂದವನೇ ಊಟಕ್ಕೆ ಕೂರುತ್ತೇನೆ: ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯದ ಮೇಲೆ ಹಿಂಡಿದ ನಿಂಬೆಹಣ್ಣು. ಹುಳಿಯಿದ್ದರೆ ಸೊಪ್ಪು-ಕಾಳುಗಳ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಜೊತೆಗೇ ಕಾಫಿ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ಮೈಸೂರಿನವನಿಗೆ ಕಾಫಿಯನ್ನು ಮುಂದೂಡುವುದು ಸುಲಭವಲ್ಲ, ಆದರೂ ಊಟವಾಗಿ ಗಂಟೆ ಕಳೆದ ಮೇಲೆಯೇ ಡಿಕಾಕ್ಷನ್ನಿಗೆ ಹಾಲು ಬೆರೆಸುತ್ತೇನೆ.