ಕಸ ಅಂತ ಎಸೆದ ಹಾಳೆ

ಅಲ್ಲಾಳಸಂದ್ರದಲ್ಲಿ ನಮ್ಮ ಗೆಳೆಯನ ಮನೆ ಮುಂದೆ ಅವನ ತಾತನ ಪ್ರೀಮಿಯರ್ ಪದ್ಮಿನಿ ನಿಂತಿದೆ. ಫಿಯಟ್ 1100 ಡಿಲೈಟ್ ಮಾದರಿಯದು, ಮುಂಬೈನ ಕುರ್ಲಾದಲ್ಲಿ ತಯಾರಾದದ್ದು. 1089 ಸಿಸಿ ಇಂಜಿನ್ ಈಗಲೂ ಸ್ಟಾರ್ಟ್ ಆಗುತ್ತೆ. ಆದರೆ ಒಳಗೆ ಬಾಗಿಲುಗಳ ರೆಕ್ಸಿನ್ ಬಿರುಕು ಬಿಟ್ಟು, ಹಿಂದಿನ ಹಾರ್ಡ್‌ಬೋರ್ಡ್ ಹಪ್ಪಳದ ಹಾಗೆ ಉಬ್ಬಿತ್ತು. "ಇಷ್ಟು ಸರಿ ಮಾಡಿಕೊಡ್ರಪ್ಪಾ, ನಿಮ್ಮಜ್ಜೀನ ಕೂರಿಸಿಕೊಂಡು ಒಂದ್ಸಲ ನಂದಿಬೆಟ್ಟಕ್ಕೆ ಹೋಗಿಬರ್ತೀನಿ" ಅಂದ್ರು ತಾತ. ಮೆಕ್ಯಾನಿಕಲ್ ಓದೋ ನಾವು ನಾಲ್ಕು ಜನ, ಇದೇನು ಮಹಾ ಅಂದುಕೊಂಡ್ವಿ.

ರೆಕ್ಸಿನ್ ಅಂದ್ರೆ ಬಟ್ಟೆಯ ಮೇಲೆ ಪಿವಿಸಿ ಪದರ. ಪಿವಿಸಿ ಮೂಲತಃ ಗಡಸು. ಅದನ್ನು ಮೆತ್ತಗಿಡೋದು ಅದರಲ್ಲಿ ಬೆರೆಸಿದ ಪ್ಲಾಸ್ಟಿಸೈಸರ್. ವರ್ಷಗಟ್ಟಲೆ ಬಿಸಿಲಲ್ಲಿ ನಿಂತರೆ ಅದು ನಿಧಾನವಾಗಿ ಹೊರಟುಹೋಗುತ್ತೆ, ರೆಕ್ಸಿನ್ ಗಟ್ಟಿಯಾಗಿ ಸೀಳುತ್ತೆ.

ಅಜ್ಜಿ ಕೂರೋ ಎಡಗಡೆ ಮುಂಬಾಗಿಲಿಂದಲೇ ಶುರು ಮಾಡಿದ್ವಿ. ಹಳೇ ಹಲಗೆಯನ್ನೇ ಅಚ್ಚಾಗಿಟ್ಟು ಹೊಸ ಬೋರ್ಡ್ ಕತ್ತರಿಸಿದ್ವಿ. ಜೆ.ಸಿ. ರಸ್ತೆಯಿಂದ ರೆಕ್ಸಿನ್ ತಂದ್ವಿ. ಅಂಟನ್ನು ಎರಡೂ ಕಡೆ ಬಳಿದು, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಅವಸರಪಟ್ಟಿದ್ದಕ್ಕೆ ಮೊದಲ ಸಲ ಗುಳ್ಳೆ ಎದ್ದವು, ಎರಡನೇ ಸಲ ಸರಿಹೋಯ್ತು. ತಾತ ಕೈಯಾಡಿಸಿ ನೋಡಿ ನಕ್ಕರು.

ಆಮೇಲೆ ಒಂದು ಜೋರು ಮಳೆ ಬಂತು. ಹೊಸ ಹಲಗೆಯ ಕೆಳಗಂಚು ಮತ್ತೆ ಉಬ್ಬಿತು. "ಹೋಗ್ಲಿ ಬಿಡ್ರಪ್ಪಾ, ಹಳೇ ಗಾಡಿ" ಅಂತ ತಾತನೇ ನಮಗೆ ಸಮಾಧಾನ ಹೇಳಿದ್ದು ಇನ್ನೂ ಬೇಜಾರಾಯ್ತು.

ತಪ್ಪು ನಮ್ಮದೇ. ಹಳೇ ಹಲಗೆಯ ಹಿಂದೆ ಒಂದು ಹರಕಲು ಪ್ಲಾಸ್ಟಿಕ್ ಹಾಳೆ ಇತ್ತು, ಕಸ ಅಂತ ಎಸೆದಿದ್ವಿ. ಕಾರಿನ ಬಾಗಿಲೊಳಗೆ ಮಳೆನೀರು ಹೋಗೋದು ಸಹಜ. ಗಾಜಿನ ಪಕ್ಕದ ಸಂದಿಯಿಂದ ಇಳಿದ ನೀರು ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುತ್ತೆ. ನಡುವೆ ಅದು ಹಲಗೆಗೆ ತಾಗದಂತೆ ತಡೆಯೋದೇ ಆ ಹಾಳೆ. ತೂತುಗಳಲ್ಲಿ ಮಣ್ಣು ತುಂಬಿದ್ದನ್ನೂ ನಾವು ನೋಡಿರಲಿಲ್ಲ. ಎಸೆಯೋ ಮುಂಚೆ ಇದು ಇಲ್ಲಿ ಯಾಕಿದೆ ಅಂತ ನಾಲ್ವರಲ್ಲಿ ಒಬ್ಬರಾದರೂ ಕೇಳಬೇಕಿತ್ತು.

ಮತ್ತೆ ಬಿಚ್ಚಿದ್ವಿ. ತೂತುಗಳನ್ನು ತಂತಿಯಿಂದ ಕೆರೆದು, ದಪ್ಪ ಪಾಲಿಥಿನ್ ಹಾಳೆ ಅಂಟಿಸಿ, ಅದರ ಕೆಳತುದಿಯನ್ನು ಬಾಗಿಲೊಳಕ್ಕೆ ತೂರಿಸಿದ್ವಿ. ಇನ್ನೊಂದು ಹಲಗೆ ಕತ್ತರಿಸಿ, ಅಂಚಿಗೆಲ್ಲ ವಾರ್ನಿಷ್ ಬಳಿದು ರೆಕ್ಸಿನ್ ಹೊದಿಸಿದ್ವಿ. ಈ ಸಲ ಮಳೆಗೆ ಕಾಯಲಿಲ್ಲ. ನಾವೇ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ವಿ. ಬಾಗಿಲ ತಳದಿಂದ ನೀರು ಸುರೀತು. ಹಲಗೆ ಒಣಗೇ ಇತ್ತು.

ಇನ್ನೂ ಮೂರು ಬಾಗಿಲು ಬಾಕಿ. ತಾತ ನಂದಿಬೆಟ್ಟದ ಮಾತು ಮತ್ತೆ ಎತ್ತಿಲ್ಲ. ಸೆಮಿಸ್ಟರ್ ಮುಗಿಯೋದರೊಳಗೆ ನಾವೇ ಎತ್ತಬೇಕು.